ತುಟಿಗೆ ತಾಗದ ಕಾಫಿ

ಹಾಜಿ ಅಬೂ ನಾಯೆಫ್ ಕಾಫಿ ಬಟ್ಟಲನ್ನು ತುಟಿಗೆ ತಾಗಿಸದೆ ಮುಂದಿಟ್ಟರು. ಜೊತೆಗೆ ಬಂದಿದ್ದ ಹಿರಿಯರೂ ಹಾಗೇ ಇಟ್ಟರು. ಕೇಳಲು ಬಂದದ್ದು ಸಿಗುವವರೆಗೆ ಯಾರೂ ಗುಟುಕರಿಸುವಂತಿಲ್ಲ. ಮನೆಯವರು 'ಕುಡೀರಿ' ಎಂದರೆ ಕೇಳಿದ್ದನ್ನು ಕೊಟ್ಟ ಹಾಗೆ. ಅರಬರ ಈ ಸಾಲ್ಟ್ ಊರಿನಲ್ಲಿ ಕೊಲೆಯ ಹಗೆಗಳೂ ಹೀಗೆ ತೀರಿವೆ.

ರಬೀಹಾ ಬಾಗಿಲ ಬಳಿ ನಿಂತಿದ್ದಳು. ಗಂಡ ಬದುಕಿದ್ದಿದ್ದರೆ ಉತ್ತರ ಕೊಡುವ ಸರದಿ ಅವನದಾಗುತ್ತಿತ್ತು.

"ದೂರು ವಾಪಸ್ ತಗೋಳಮ್ಮ," ಎಂದರು ಹಾಜಿ. "ಈಜು ಮಾಸ್ತರ್ ಅಯ್ಹಮ್ ನಮ್ಮ ಕಣ್ಣೆದುರಿಗೆ ಬೆಳೆದ ಹುಡುಗ. ನೀನೇನು ಕಣ್ಣಾರೆ ಕಂಡ್ಯಾ?"

"ಕಿವಿಯಾರೆ ಕೇಳಿದೆ. ನಮ್ಮ ಮನೆ ಮುಂದೆ ಕಾರು ನಿಲ್ಸಿದ್ದ. ಕಾರಿನ ಕಿಟಕಿ ತೆರೆದಿತ್ತು, ನಾನು ಮೇಲೆ ಮಾಳಿಗೆಯಲ್ಲಿ ಒಣಗಿದ ಬಟ್ಟೆ ತೆಗೀತಿದ್ದೆ. ಲುಜೈನ್ ಕೈಗೆ ಬಳೆ ತೊಡಿಸ್ತಾ, 'ಇದು ನಮ್ಮಿಬ್ಬರ ಗುಟ್ಟು, ಅಮ್ಮನಿಗೂ ಹೇಳ್ಬಾರ್ದು' ಅಂದ. ಅವನ ಹತ್ರ ಈಜು ಕಲಿಯೋ ಒಂಬತ್ತು ವರ್ಷದ ಹುಡುಗಿ ಅದು."

"ಒಂದು ಬಳೆಗೆ ಇಷ್ಟು ರಂಪಾನಾ?" ಮೂಲೆಯಲ್ಲಿದ್ದವನು ನಕ್ಕ. "ನಮ್ಮ ಮಾಸ್ತರು ಬೆತ್ತ ಬಿಟ್ರೆ ಬೇರೇನೂ ಕೊಡ್ತಿರಲಿಲ್ಲ!"

ರಬೀಹಾ ನಗಲಿಲ್ಲ. ಗುಟ್ಟಿನ ಆ ಮಾತು ಕಿವಿಗೆ ಬಿದ್ದದ್ದು ರಂಜಾನ್ ಉಪವಾಸದಲ್ಲಿ. ಹಬ್ಬ ಕಳೆಯಲಿ ಎಂದು ಅವಳು ಸುಮ್ಮನಿದ್ದಳು. ತಾನು ಕೇಳಿಸಿಕೊಂಡದ್ದೇ ತಪ್ಪಿರಬಹುದು ಎಂದೂ ಅಂದುಕೊಂಡಳು. ಹಬ್ಬಕ್ಕೆ ಖರ್ಜೂರದ ಬಿಸ್ಕತ್ತು ಬೇಯಿಸಿದಳು. ಆಮೇಲೆ ಕಾರು ಮತ್ತೆ ಬಂದು ನಿಂತಿತು. ಒಳಗೆ ಲುಜೈನ್ ತಲೆ ತಗ್ಗಿಸಿ ಕೂತಿದ್ದಳು. ಎಂದಿನಂತೆ ಮೇಲೆ ನೋಡಿ ಕೈ ಬೀಸಲಿಲ್ಲ. ರಬೀಹಾ ಬಟ್ಟೆಬುಟ್ಟಿ ಅಲ್ಲೇ ಬಿಟ್ಟು ಓಡಿಬಂದು, ಹುಡುಗಿಯನ್ನು ಕೈಹಿಡಿದು ಇಳಿಸಿಕೊಂಡಳು. ಮರುದಿನ ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಎಲ್ಲ ಹೇಳಿದಳು. ಅವರು ಕೂಡಲೇ ಅವನನ್ನು ಕೆಲಸದಿಂದ ದೂರವಿಟ್ಟು, ಪೊಲೀಸರಿಗೆ ತಿಳಿಸಿದರು.

ಸುಮ್ಮನಿದ್ದ ಆ ನಡುವಿನ ದಿನಗಳಿಗೆ ಏನು ಉತ್ತರ? ನಿದ್ದೆಯಲ್ಲೂ ಅದೇ ಪ್ರಶ್ನೆ.

"ತಾಯಿ ಕರುಳು ಅನ್ನೋದು ಇಲ್ವೇನಮ್ಮ ನಿನಗೆ?" ಹಾಜಿಯ ದನಿ ಗಡಸಾಯಿತು.

"ಇದೆ ಹಾಜಿ. ಸುಡ್ತಿರೋದು ಅದೇ." ಅವಳ ಕಣ್ಣು ಒಳಕೋಣೆಯ ಮುಚ್ಚಿದ ಬಾಗಿಲಿನತ್ತ ಹೋಯಿತು. ಬೆಳಗಿನಿಂದ ಅಲ್ಲಿಗೆ ಒಂದು ತುತ್ತೂ ಹೋಗಿರಲಿಲ್ಲ. "ಬೆಳೆಸೋವಾಗ ನಾನೇ ಎಲ್ಲೋ ಕಣ್ಣು ಮುಚ್ಚಿದೆ. ಇನ್ನು ಬಾಯಿನೂ ಮುಚ್ಕೊಳ್ಳಲ್ಲ."

"ಹಾಗಾದ್ರೆ ಕಾಫಿ?"

"ಆರಿಹೋಗಿದೆ. ಬಿಡಿ."

ಅವರು ಎದ್ದರು. ಹೊಸ್ತಿಲು ದಾಟುವಾಗ ಹಾಜಿ ತಿರುಗಿ ನೋಡಿದರು. "ಇಂಥ ಮನೆಗೆ ಹಿರಿಯರು ಬೇಡೋಕೆ ಬಂದಿದ್ದು ಈ ಊರಲ್ಲಿ ಇದೇ ಮೊದಲು."

ರಬೀಹಾ ಬಟ್ಟಲುಗಳನ್ನು ಮೋರಿಗೆ ಬಗ್ಗಿಸಿ ತೊಳೆದಳು. ಬೇಳೆ ಸಾರು ಬಿಸಿಮಾಡಿ, ನಿಂಬೆ ಹಿಂಡಿ, ರೊಟ್ಟಿಯೊಂದಿಗೆ ತಟ್ಟೆಯಲ್ಲಿಟ್ಟಳು. ಒಳಕೋಣೆಯ ಬಾಗಿಲನ್ನು ಮೆಲ್ಲಗೆ ತಟ್ಟಿದಳು.

"ಬಾಗಿಲು ತೆಗಿ, ಅಯ್ಹಮ್. ಒಂದು ತುತ್ತು ತಿನ್ನು, ಮಗನೇ. ನಾಳೆ ಠಾಣೆಗೆ ನಾವಿಬ್ಬರೂ ಹೋಗ್ಬೇಕು."