ಬಿಳಿ ಹೆಂಟೆ

“ಈ ಗುಡ್ಡದಾಗೆ ನಾನು ಕೈಲಿ ತೂಗದೆ ಇರೋ ಕಲ್ಲೇ ಇಲ್ಲ ಕಣೆ! ಹೋಗ್ಲಿ, ಅದ್ರಾಗೆ ಅರ್ಧ ಸುಳ್ಳು,” ಎಂದು ಮಾರಜ್ಜಿ ನಕ್ಕಳು. ಗಂಡ ಸತ್ತ ಮೇಲೆ ಮೂವತ್ತು ವರ್ಷ ಸೀಸದ ಗಣಿಯಲ್ಲಿ ಅದಿರು ತೊಳೆದು ಆರಿಸಿದವಳು ಅವಳು.

ಐದು ತಿಂಗಳ ಬಸುರಿ ಸೀತಾಳಿ ಮಡಿಲಿನಿಂದ ಬಿಳಿ ಹೆಂಟೆಯೊಂದನ್ನು ತೆಗೆದು ಕೊಟ್ಟಳು. “ಗಣಿ ಹಿಂದಿನ ಗುಡ್ಡೇದು. ಸುಣ್ಣದಕಲ್ಲೋ ಸೀಸಾನೋ ನೋಡಜ್ಜಿ.”

“ಅಯ್ಯಪ್ಪಾ, ಆನೆಮರಿ ತೂಕ ಐತೆ! ಆದ್ರೂ ಕೈಯ ನಂಬಬಾರ್ದು.”

ಅಜ್ಜಿ ಗಣಿಯಿಂದ ತಂದಿಟ್ಟಿದ್ದ ಹಳೆಯ ಶೀಶೆಯ ಮುಚ್ಚಳ ತೆಗೆದಳು. ಕೊಳೆತ ಮೊಟ್ಟೆಯ ವಾಸನೆ ಹೊಡೆಯಿತು. “ಈ ನೀರು ಬಿದ್ರೆ ಸುಣ್ಣದಕಲ್ಲು ಬೆಳ್ಳಗೇ ಇರ್ತೈತೆ. ಸೀಸ ಇದ್ರೆ ಕಪ್ಪಾಗ್ತೈತೆ.”

ಹನಿ ಬಿದ್ದಲ್ಲಿ ಹೆಂಟೆ ಕಾಡಿಗೆಯಂತೆ ಕಪ್ಪಾಯಿತು.

“ಇದನ್ನ ಯಾತಕ್ಕೆ ತಂದೆ?”

“ರಂಗೋಲಿಗೆ.”

“ರಂಗೋಲಿ ಹೆಂಟೆ ಮ್ಯಾಲೆ ಹಲ್ಲಿನ ಗುರುತು ಯಾಕೈತೆ? ಬಸುರಿ ಬಯಕೆ ನಂಗೊತ್ತಿಲ್ವೇನೆ? ಬಾಯಿ ತೆಗಿ.”

ಸೀತಾಳಿ ಬಾಯಿ ತೆರೆದಳು. ಹಲ್ಲುಗಳ ಬುಡದಲ್ಲಿ, ವಸಡಿನುದ್ದಕ್ಕೂ ಅದೇ ಕಪ್ಪು ಬಣ್ಣದ ಗೆರೆ.

ಅಜ್ಜಿಯ ನಗು ನಿಂತಿತು. ಅವಳು ಸೀತಾಳಿಯ ಹೊಟ್ಟೆಯ ಮೇಲೆ ಕೈಯಿಟ್ಟಳು.

“ನಿನ್ನ ಬಾಯಿಗೆ ನಾನು ಹನಿ ಹಾಕಿಲ್ಲ ಕಣೆ, ಆದ್ರೂ ಕಪ್ಪಾಗೈತೆ. ಈ ಸೀಸದ ವಿಷ ಎಲ್ಲೀಗಂಟ ಇಳಿದೈತೋ, ನೀನೇ ಹೇಳು.”