ಗೋಡೆ ಕಡೆ ತಿರುಗಿ

"ಗೋಡೆ ಕಡೆ ತಿರುಗಿ ಸಾರ್," ಎಂದ ಭದ್ರಪ್ಪ. ತನ್ನ ಪಾಲಿನ ಅಕ್ಷರಗಳನ್ನು ಒತ್ತಿ ಮುಗಿಸಿದ್ದ ತಮ್ಮ ತಿರುಗಿದ. ಅಕ್ಕ ಲ್ಯಾಪ್‌ಟಾಪಿನ ಮುಂದೆ ಕುರ್ಚಿ ಎಳೆದುಕೊಂಡಳು. ಒಂದು ಗಂಟೆಗೆ ಇನ್ನು ನಲವತ್ತು ನಿಮಿಷವಿತ್ತು.

ಭದ್ರಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹಲ್ಲಿನ ಸೆಟ್ ಮಾಡುವ ಈ ಲ್ಯಾಬಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಅವನು ದಿನಕ್ಕೆ ನೂರು ಸಲ ‘ಭದ್ರತೆ, ಭದ್ರತೆ’ ಎಂದು ತಲೆ ತಿನ್ನುತ್ತಿದ್ದುದರಿಂದ ಕೆಲಸದವರು ಇಟ್ಟ ಹೆಸರು. ಹತ್ತೊಂಬತ್ತು ಕ್ಲಿನಿಕ್ಕುಗಳಿಂದ ರೋಗಿಗಳ ಬಾಯಿಯ ಅಳತೆಗಳು ಇಲ್ಲಿಗೆ ಬರುತ್ತವೆ. ಅಲ್ಲಿಯ ಕಂಪ್ಯೂಟರು ಇಲ್ಲಿಯದನ್ನು ನಂಬಬೇಕಾದರೆ ಗುರುತಿನ ಚೀಟಿಯಂಥ ಡಿಜಿಟಲ್ ಸರ್ಟಿಫಿಕೇಟು ಬೇಕು. ಹೊರಗಿನವರ ಹಂಗು ಯಾಕೆಂದು ಭದ್ರಪ್ಪ ಹತ್ತು ವರ್ಷದ ಹಿಂದೆ ಲ್ಯಾಬಿನದೇ ಒಂದು ತಾಯಿ ಸರ್ಟಿಫಿಕೇಟು ಮಾಡಿಟ್ಟಿದ್ದ. ಉಳಿದವಕ್ಕೆಲ್ಲ ಅದರದೇ ಸಹಿ. ಅದಕ್ಕೆ ಸಹಿ ಹಾಕಿದ್ದು ಯಾರಪ್ಪಾ ಎಂದರೆ, "ಅದೇ ಹಾಕ್ಕೊಂಡಿದೆ" ಎಂದು ಸ್ವಲ್ಪವೂ ನಾಚಿಕೆಯಿಲ್ಲದೆ ಹೇಳುತ್ತಿದ್ದ. ಇವತ್ತು ಒಂದು ಗಂಟೆಗೆ ಆ ತಾಯಿಯ ಆಯುಷ್ಯ ಮುಗಿಯುತ್ತದೆ. ಅಷ್ಟರಲ್ಲಿ ಹೊಸದು ಹೊರಡದಿದ್ದರೆ ಹತ್ತೊಂಬತ್ತೂ ಕ್ಲಿನಿಕ್ಕುಗಳು ‘ನೀವು ಯಾರೋ ಗೊತ್ತಿಲ್ಲ’ ಎಂದು ಬಾಗಿಲು ಹಾಕಿಕೊಳ್ಳುತ್ತವೆ.

ಹೊಸದಕ್ಕೆ ಸಹಿ ಹಾಕುವ ಕೀಲಿ ಇರುವುದು ಪೆನ್‌ಡ್ರೈವಿನಂಥ ಒಂದು ಸಾಧನದಲ್ಲಿ. ಸಾಧನ ಇರುವುದು ಕಬ್ಬಿಣದ ಬೀರುವಿನಲ್ಲಿ. ಪಾಸ್‌ವರ್ಡಿನ ಮೊದಲರ್ಧ ತಮ್ಮನಿಗೆ, ಉಳಿದರ್ಧ ಅಕ್ಕನಿಗೆ ಮಾತ್ರ ಗೊತ್ತು. ಇಬ್ಬರೂ ಪಾಲುದಾರರು. ಪೂರ್ತಿ ಪಾಸ್‌ವರ್ಡು ಒಬ್ಬರ ಕೈಗೆ ಸಿಕ್ಕರೆ ಅವರು ತಮ್ಮ ಮನೆಯ ಕಂಪ್ಯೂಟರನ್ನೇ ಲ್ಯಾಬೆಂದು ನಂಬಿಸಿ ಗಿರಾಕಿಗಳನ್ನೆಲ್ಲ ಬಾಚಿಕೊಂಡು ಹೋಗಬಹುದು. ಮೂರು ಸಲ ತಪ್ಪು ಒತ್ತಿದರೆ ಸಾಧನ ಮತ್ತೆಂದೂ ತೆರೆಯುವುದಿಲ್ಲ. ಇಷ್ಟೆಲ್ಲ ಬಂದೋಬಸ್ತು ಮಾಡಿದ ಭದ್ರಪ್ಪ, ಅಕ್ಕ ತಮ್ಮ ಮಾತು ಬಿಡಬಹುದೆಂದು ಮಾತ್ರ ಎಣಿಸಿರಲಿಲ್ಲ. ಮೂರು ವರ್ಷದ ಹಿಂದೆ ಮೂರು ಕ್ಲಿನಿಕ್ಕುಗಳು ಬೇರೆ ಲ್ಯಾಬಿಗೆ ಹೋದವು. ಹಿಂಬಾಗಿಲಿನಿಂದ ಸಾಗಿಸಿದ್ದು ತಮ್ಮನೇ ಎಂದು ಅಕ್ಕ ತೀರ್ಮಾನಿಸಿದಳು. ಲ್ಯಾಬು ಒಡೆದು ಹಂಚಿಕೊಳ್ಳುವ ಕಾಗದವನ್ನು ವಕೀಲರಿಂದ ಬರೆಸಿ ತಂದು ಈಗ ಮೇಜಿನ ಮೇಲಿಟ್ಟಿದ್ದಳು. ಈ ಕೆಲಸ ಮುಗಿದೊಡನೆ ಅವನು ಅದಕ್ಕೆ ಸಹಿ ಹಾಕಬೇಕು. ಆರು ತಿಂಗಳಿಂದ ಭದ್ರಪ್ಪ ಕಾಲು ಹಿಡಿದರೂ ಒಂದೇ ಕೋಣೆಗೆ ಬರದಿದ್ದವರು ಕೊನೆಗೂ ಬಂದಿದ್ದರು.

ಅಕ್ಕ ತುಟಿ ಅಲ್ಲಾಡಿಸುತ್ತ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ತಪ್ಪು ಎಂದಿತು ಲ್ಯಾಪ್‌ಟಾಪು.

"ಅವರ ಪಾಲಿಂದು ನೆಟ್ಟಗಿದೆಯಾ ಕೇಳಿ," ಎಂದಳು ಭದ್ರಪ್ಪನಿಗೆ.

"ನಂದು ನೆಟ್ಟಗೇ ಇದೆ ಅಂತ ಹೇಳಿ," ಎಂದಿತು ತಮ್ಮನ ಬೆನ್ನು.

ಇಬ್ಬರ ನಡುವೆ ಮೂರಡಿ ಜಾಗವಿತ್ತು. ಭದ್ರಪ್ಪ ಎರಡೂ ಮಾತುಗಳನ್ನು ನಿಷ್ಠೆಯಿಂದ ತಲುಪಿಸಿದ. ಎರಡನೆಯ ಸಲವೂ ತಪ್ಪಾಯಿತು.

"ಮೇಡಂ, ಇನ್ನೊಂದೇ ಸಲ ಇರೋದು. ದಮ್ಮಯ್ಯ, ನೆನಪು ಮಾಡ್ಕೊಳ್ಳಿ."

"ನಂಗೇನು ಅರಳುಮರಳಾ? ಇದೇ ಇಟ್ಟಿದ್ದು," ಎಂದಳು ಅಕ್ಕ. ತಮ್ಮ ಮೂರನೆಯ ಸಲ ತನ್ನ ಅರ್ಧ ಒತ್ತಿ ಗೋಡೆಗೆ ಮುಖ ಮಾಡಿದ. ಅಕ್ಕ ತನ್ನದನ್ನು ಒತ್ತುತ್ತ ಒತ್ತುತ್ತ ಕೊನೆಗೆ ಬಂದಳು.

"ಹತ್ತಲ್ಲ ಅಕ್ಕ, ಏಳು."

ಅಕ್ಕನ ಬೆರಳು ಗಾಳಿಯಲ್ಲೇ ನಿಂತಿತು. "ಏನಂದೆ?"

"ಬೊಚ್ಚುಬಾಯಿ ಏಳು. ನನ್ನ ಹಲ್ಲು ಉದುರಿ ನೀನು ಹಾಗೆ ರೇಗಿಸ್ತಿದ್ದಾಗ ನಂಗೆ ಏಳು ವರ್ಷ. ಹತ್ತಾಗಿದ್ದು ನಿಂಗೆ."

ಭದ್ರಪ್ಪನ ಮುಖ ಬಿಳಿಚಿಕೊಂಡಿತು. "ಸಾರ್, ಇದು ನಿಮಗೆ ಹೇಗೆ..."

"ಇವಳು ಒತ್ತೋದನ್ನೆಲ್ಲ ಬಾಯಲ್ಲಿ ಹೇಳ್ಕೊಂಡೇ ಒತ್ತೋದು. ಹತ್ತು ವರ್ಷದ ಹಿಂದೇನೂ ಹಾಗೇ ಮಾಡಿದ್ಲು. ನೀವು ಗೋಡೆ ಕಡೆ ತಿರುಗು ಅಂದ್ರಿ, ಕಿವಿ ಮುಚ್ಕೋ ಅನ್ಲಿಲ್ಲ."

ಆ ದಿನ ಭದ್ರಪ್ಪ ಕಿಟಕಿಗೆಲ್ಲ ಪೇಪರು ಅಂಟಿಸಿದ್ದ, ಕ್ಯಾಮೆರಾದ ಕಣ್ಣಿಗೂ ಟೇಪು ಹಾಕಿದ್ದ. ಈಗ ಅವನು ಸ್ಟೂಲಿನ ಮೇಲೆ ಕುಸಿದು ಕುಳಿತ.

"ಹಂಗಾದ್ರೆ ಪೂರ್ತಿ ಗೊತ್ತಿತ್ತು ನಿಂಗೆ," ಎಂದಳು ಅಕ್ಕ. ಮೂರು ವರ್ಷದಲ್ಲಿ ಮೊದಲ ಸಲ ಅವನಿಗೇ ಹೇಳಿದಳು. "ಎಲ್ಲಾ ಕ್ಲಿನಿಕ್ಕೂ ಎತ್ಕೊಂಡು ಹೋಗಬಹುದಿತ್ತಲ್ಲೋ."

"ಬೀರು ಕೀ ನಿನ್ನ ಹತ್ರ ಇತ್ತಲ್ಲ."

ಅಕ್ಕ ಬೀರುವಿನ ಕಡೆ ನೋಡಿದಳು. ಅದರ ಬೀಗ ಕೆಟ್ಟು ಯಾವ ಕಾಲವಾಗಿತ್ತೋ. ಬಾಗಿಲು ತಾನಾಗಿ ತೆರೆದುಕೊಳ್ಳದಿರಲೆಂದು ಸಂದಿಗೆ ರಟ್ಟು ಮಡಚಿ ಸಿಕ್ಕಿಸಿತ್ತು. ಸಿಕ್ಕಿಸಿದವನು ತಮ್ಮನೇ. ಅವಳಿಗೆ ತುಂಬ ನಾಚಿಕೆಯಾಯಿತು. ಏಳು ಒತ್ತಿದಳು; ಸಾಧನ ತೆರೆಯಿತು. ಒಂದಕ್ಕೆ ಹತ್ತು ನಿಮಿಷವಿರುವಾಗ ಹೊಸ ಸರ್ಟಿಫಿಕೇಟು ಹತ್ತೊಂಬತ್ತೂ ಕ್ಲಿನಿಕ್ಕುಗಳನ್ನು ಮುಟ್ಟಿತು.

"ಮೇಡಂ, ನಿಮ್ಮ ಅರ್ಧ ಬಯಲಾಗಿದೆ. ಈಗಲೇ ಬದಲಾಯಿಸ್ಬೇಕು," ಎಂದು ಭದ್ರಪ್ಪ ಮತ್ತೆ ಜೀವ ತಂದುಕೊಂಡ. "ಸಾರ್, ಗೋಡೆ ಕಡೆ ತಿರುಗಿ. ಈ ಸಲ ಕಿವಿ ಮುಚ್ಕೊಳ್ಳಿ."

ತಮ್ಮ ತನ್ನ ಅರ್ಧ ಒತ್ತಿ ತಿರುಗಿದ. ಕೈಗಳು ಮಾತ್ರ ಕಿವಿಗೆ ಹೋಗದೆ ಜೇಬಿಗೆ ಹೋದವು. ಅಕ್ಕ ವಕೀಲರ ಕಾಗದವನ್ನು ಮಡಚಿ ಚೀಲಕ್ಕೆ ತುರುಕಿದಳು. ಲ್ಯಾಪ್‌ಟಾಪು ಹತ್ತಿರ ಎಳೆದುಕೊಂಡು, ಪಕ್ಕದ ಕೋಣೆಗೂ ಕೇಳುವಂತೆ ಶುರುಮಾಡಿದಳು. "ಬೊ... ಚ್ಚು... ಬಾ... ಯಿ..."

"ಮೇಡಂ!" ಎನ್ನುತ್ತ ಭದ್ರಪ್ಪ ತನ್ನ ಕಿವಿಗಳನ್ನೇ ಮುಚ್ಚಿಕೊಂಡ.

"...ನಲವತ್ತೆರಡು."

"ನಲವತ್ತಮೂರು ಅಕ್ಕ," ಎಂದ ತಮ್ಮ, ಗೋಡೆಯನ್ನೇ ನೋಡುತ್ತ. "ಹೋದ ತಿಂಗಳು ತುಂಬ್ತು."

ಅಕ್ಕ ಎರಡನ್ನು ಅಳಿಸಿ ಮೂರು ಒತ್ತಿದಳು.