ಬಾಗಿಲಾಚೆಯ ಬೂಟು

“ಅಜ್ಜೀ, ಸಿಲಿಂಡರ್ ಬಂತು. ಓಟಿಪಿ ಹೇಳಿ ಬತ್ತೀನಿ. ಅಲ್ಲೀವರ್ಗೂ ನನ್ ಸಿಪಾಯಿಗಳನ್ನ ನೋಡ್ಕೋ,” ಎಂದು ನವ್ಯ ಫೋನ್ ಹಿಡಿದು ಅಂಗಳಕ್ಕೆ ಓಡಿದಳು. ಅಶ್ವತ್ಥಮ್ಮ ಅವರೆಕಾಯಿ ಸುಲಿಯುತ್ತಿದ್ದ ಮೊರವನ್ನು ಬದಿಗೆ ಸರಿಸಿ ಲ್ಯಾಪ್‌ಟಾಪಿನ ಮುಂದೆ ಕೂತರು.

ಸ್ಕೂಟಿಯಿಂದ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಮೇಲೆ ಮೊಮ್ಮಗಳು ಉರಿಗಾಂನ ಈ ಮನೆ ಬಿಟ್ಟು ಕದಲಿರಲಿಲ್ಲ. ಹೊತ್ತು ಹೋಗಲು ಈ ಕೋಟೆ ಆಟ. ಮೌಸ್ ಹಿಡಿಯಲು ಆಗದ್ದರಿಂದ ಬಾಯಲ್ಲೇ ಹುಕುಂ ಕೊಡುವಂತೆ ಮಾಡಿಕೊಂಡಿದ್ದಳು. ಮೊದಲು ಸಿಪಾಯಿಯ ಹೆಸರು ಹೇಳಬೇಕು, ಆಮೇಲೆ ಕೆಲಸ. ಹೆಸರು ಹೇಳದಿದ್ದರೆ ಯಾರೂ ಕೇಳುವುದಿಲ್ಲ.

ದಂಡಿನ ತುಂಬ ಮನೆಯವರ, ಬೀದಿಯವರ ಹೆಸರುಗಳೇ. ದಿನವೂ ಕವಾಯತು. ಬಚ್ಚಪ್ಪ ಮಾವ ಈಟಿಯಲ್ಲಿ ಪಳಗಿದ್ದ. ಇಂದ್ರಾಣಿ ಅತ್ತೆ ಗುರಾಣಿ ಹಿಡಿದರೆ ಇಬ್ಬರು ಸೇರಿದರೂ ಬೀಳಿಸಲು ಆಗುತ್ತಿರಲಿಲ್ಲ. ತಾತ ಆದಿನಾರಾಯಣ ಮಾತ್ರ ಇನ್ನೂ ಮರದ ಕತ್ತಿಯಲ್ಲೇ ಇದ್ದ. ಕವಾಯತು ಅರ್ಧಕ್ಕೆ ಬಿಟ್ಟು ಕೋಟೆಯ ಅಡುಗೆಮನೆಗೆ ಹೋಗಿಬಿಡುತ್ತಿದ್ದ. “ಅಲ್ಲೂ ಅಂಗೇನಾ!” ಎಂದು ಅಶ್ವತ್ಥಮ್ಮ ನಗುತ್ತಿದ್ದರು. ಆದರೆ ಈ ಆಟದಲ್ಲಿ ಸತ್ತವರು ಮತ್ತೆ ಎದ್ದು ಬರುವುದಿಲ್ಲ. ಅವರ ಹೆಸರನ್ನು ಕೋಟೆಬಾಗಿಲ ಕಲ್ಲಿನಲ್ಲಿ ಕೆತ್ತುತ್ತಾರೆ. ಆ ಕಲ್ಲಿನ ಮೇಲೆ ಕುಪ್ಪುಸ್ವಾಮಿ ಆಗಲೇ ಇದ್ದ. ಪಕ್ಕದ ಮನೆಯ ಕುಪ್ಪುಸ್ವಾಮಿ ಬಂದಾಗಲೆಲ್ಲ ಅದನ್ನು ನೋಡಿ, “ಚೆನ್ನಾಗ್ ಕೆತ್ತವ್ರೆ” ಎಂದು ಹೋಗುತ್ತಿದ್ದ.

ಈಗ ಅಡುಗೆಮನೆಯಿಂದ ಹೊರಬಂದ ಸಿಪಾಯಿ ಆದಿನಾರಾಯಣ ಸೀದಾ ಕೋಟೆಬಾಗಿಲು ದಾಟಿದ. ಆಚೆ ಹುಲ್ಲಿನಲ್ಲಿ ಯಾರದೋ ಒಂಟಿ ಬೂಟು ಬಿದ್ದಿತ್ತು. ಅದನ್ನು ಹೆಕ್ಕಿ ತರಲು ಹೊರಟಿದ್ದ. ಬೂಟಿನ ಪಕ್ಕದ ಬಂಡೆಯ ಹಿಂದೆ ಗದೆ ಹಿಡಿದ ರಕ್ಕಸನೊಬ್ಬ ಕುಕ್ಕರಗಾಲಲ್ಲಿ ಕೂತಿದ್ದ.

“ಏನ್ರೀ! ವಾಪಸ್!” ಅಶ್ವತ್ಥಮ್ಮ ಕೂಗಿದರು.

ಪರದೆಯ ಕೆಳಗೆ ಒಂದು ಪದ ಮೂಡಿತು: ಹೆಸರು?

“ನವ್ಯನ ತಾತಾ, ವಾಪಸ್!”

ಹೆಸರು?

“ಇವ್ರೇ ಕಣಪ್ಪಾ, ಮರದ ಕತ್ತಿಯವ್ರು! ಒಂದ್ ಬೂಟಿಗೋಸ್ಕರ ಓಯ್ತಾವ್ರಲ್ಲ, ಇವ್ರು!”

ಹೆಸರು?

ಮದುವೆಯ ದಿನ ಹೊಸ್ತಿಲಿಗೆ ಅಡ್ಡ ನಿಂತ ನಾದಿನಿಯರೂ ಇದನ್ನೇ ಕೇಳಿದ್ದರು. ಗಂಡನ ಹೆಸರು ಹೇಳಿಯೇ ಒಳಗೆ ಬರಬೇಕೆಂದು ಪಟ್ಟು ಹಿಡಿದಿದ್ದರು. ಅಶ್ವತ್ಥಮ್ಮ ಬಾಯಿ ಬಿಡಲಿಲ್ಲ. ಕೊನೆಗೆ ನಾದಿನಿಯರೇ ಕಾಲು ಸೋತು ದಾರಿ ಬಿಟ್ಟಿದ್ದರು. ಇವತ್ತಿಗೂ ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರು ಕೇಳಿದರೆ ಪಕ್ಕದಲ್ಲಿರುವವರ ಮುಖ ನೋಡುತ್ತಾರೆ. ಹೆಸರು ಹಿಡಿದು ಕೂಗಿದರೆ ಗಂಡನ ಆಯಸ್ಸು ಸವೆಯುತ್ತದೆ ಎಂದು ಅವರ ಅತ್ತೆ ಹೇಳಿದ್ದರು.

“ನವ್ಯಾ! ಬೇಗ್ ಬಾರೇ! ನಿಮ್ ತಾತನ್ನ ಕೊಂದಾಕ್ತಾನೆ!”

ಅಂಗಳದಲ್ಲಿ ಸಿಲಿಂಡರ್ ಇಳಿಸುತ್ತಿದ್ದವನು ಗಾಬರಿಯಾಗಿ ಗೇಟಿನ ಕಡೆ ನೋಡಿದ. ತಾತ ಅಲ್ಲಿ ಸೈಕಲ್ ತಳ್ಳುತ್ತ ಆರಾಮಾಗಿ ಆಂಡರ್ಸನ್‌ಪೇಟೆಗೆ ಹೊರಟಿದ್ದರು. ದುಡಿದ ಚಿನ್ನದ ಗಣಿಯ ಸಿಡಿಮದ್ದಿನ ಸದ್ದಿಗೆ ಅವರ ಕಿವಿ ಎಂದೋ ಮಂದವಾಗಿತ್ತು. “ಏನ್ರೀ” ಎಂಬ ಕೂಗಿಗೆ ಅವರು ಓಗೊಟ್ಟದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

“ಓಟಿಪಿ ಇನ್ನೂ ಬಂದಿಲ್ಲ ಅಜ್ಜೀ! ನೀನೇ ಎಸರಿಡ್ದು ಕೂಗು!” ನವ್ಯ ಅಲ್ಲಿಂದಲೇ ಅರಚಿದಳು.

ಸಿಪಾಯಿ ಬೂಟಿಗೆ ಬಗ್ಗಿದ. ರಕ್ಕಸ ಎದ್ದು ನಿಂತು ಗದೆ ಎತ್ತಿದ. ಬಾಗಿಲ ಕಲ್ಲಿನಲ್ಲಿ ಕುಪ್ಪುಸ್ವಾಮಿಯ ಹೆಸರಿನ ಕೆಳಗೆ ಬೇಕಾದಷ್ಟು ಜಾಗ ಖಾಲಿ ಇತ್ತು. ಅಶ್ವತ್ಥಮ್ಮ ಅದನ್ನು ನೋಡಿದರು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು.

“ಆದಿನಾರಾಯಣಾ! ವಾಪಸ್!”

ಪರದೆಯ ಮೇಲಿನ ಸಿಪಾಯಿ ಗಕ್ಕನೆ ತಿರುಗಿ ಓಡಿದ. ಗದೆ ಬರಿ ಹುಲ್ಲಿಗೆ ಬಡಿಯಿತು. ಗೇಟಿನಲ್ಲಿ ತಾತನ ಸೈಕಲ್ಲೂ ತಿರುಗಿತು.

ನವ್ಯ ಒಳಗೆ ನುಗ್ಗಿದಾಗ ಕೋಟೆಬಾಗಿಲು ಮುಚ್ಚಿಕೊಳ್ಳುತ್ತಿತ್ತು. “ಉಳ್ಕೊಂಡ್ರು! ಅಜ್ಜೀ, ತಾತ ಉಳ್ಕೊಂಡ್ರು!” ಎಂದು ಒಂದೇ ಕೈಯಲ್ಲಿ ಅಜ್ಜಿಯನ್ನು ಹಿಡಿದು ಕುಣಿದಳು. ಮೊರ ಮಗುಚಿ ಅವರೆಕಾಳು ಮನೆ ತುಂಬ ಉರುಳಿತು.

ಹೊಸ್ತಿಲಲ್ಲಿ ಆದಿನಾರಾಯಣ ನಿಂತಿದ್ದರು. ಬಲಗಾಲಿನ ಪ್ಯಾಂಟಿಗೆ ಸೈಕಲ್ ಕ್ಲಿಪ್ ಇನ್ನೂ ಇತ್ತು.

“ಕರದ್ಯಾ?”

“ನಿಮ್ಮನ್ನಲ್ಲ, ಅಲ್ಲಿರೋನ್ನ,” ಎಂದು ಅಶ್ವತ್ಥಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಗು ಬೆರಳ ಸಂದಿಯಿಂದ ಬಂದೇಬಿಟ್ಟಿತು.

“ಏನಂತ ಕರದೆ? ಸರ್ಯಾಗ್ ಕೇಳುಸ್ಲಿಲ್ಲ.”

“ಗೇಟ್ನಾಗಿಂದ ಓಡ್ ಬಂದವ್ರಿಗೆ ಕೇಳುಸ್ಲಿಲ್ವಂತೆ! ಓಗ್ರೀ, ಕೆಲ್ಸ ಐತೆ ನಂಗೆ!” ಎಂದು ಅವರು ಒಲೆಯ ಕಡೆ ನಡೆದುಬಿಟ್ಟರು. ಒಳಗೆ ಪಾತ್ರೆಗಳು ಬೇಕಾದ್ದಕ್ಕಿಂತ ಜೋರಾಗಿ ಸದ್ದು ಮಾಡತೊಡಗಿದವು.

ಆದಿನಾರಾಯಣ ಚಪ್ಪಲಿ ಬಿಟ್ಟು ಒಳಬಂದರು. ಕಾಳುಗಳನ್ನು ದಾಟಿಕೊಂಡು ಲ್ಯಾಪ್‌ಟಾಪಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ಕನ್ನಡಕ ಏರಿಸಿ ಪರದೆಯನ್ನು ಮೇಲಿಂದ ಕೆಳಗೆ ನೋಡಿದರು. ಅಡುಗೆಮನೆಯತ್ತ ಒಮ್ಮೆ ಕಣ್ಣು ಹಾಯಿಸಿ, ಮೊಮ್ಮಗಳ ಕಿವಿಯ ಹತ್ತಿರ ಬಗ್ಗಿದರು.

“ಆ ಬೂಟು ಇನ್ನೂ ಅಲ್ಲೇ ಬಿದ್ದೈತಲ್ಲಮ್ಮಾ. ಇನ್ನೊಂದ್ ಕಿತ ಕಳ್ಸು ಅವನ್ನ.”